ಗರಗಸದಮ್ಮನ ಕಡೆಯ ಕಪಾಟು

ಮೆಡಿಕಲ್ ಕಾಲೇಜಿಗೆ ಹೊಸದಾಗಿ ಸೇರಿದ ಮಕ್ಕಳಲ್ಲಿ ವರ್ಷಕ್ಕೊಬ್ಬರಾದರೂ ಮೊದಲ ವಾರದಲ್ಲೇ ತಲೆ ತಿರುಗಿ ಬೀಳುತ್ತಿದ್ದರು. ಬೀಳುತ್ತಿದ್ದದ್ದು ಹೆಣ ಕೊಯ್ಯುವ ಕೋಣೆಯಲ್ಲಲ್ಲ, ಅದರ ಪಕ್ಕದ ಮ್ಯೂಸಿಯಮ್ಮಿನಲ್ಲಿ. ಕಾರಣ ಗರಗಸದಮ್ಮ.

ಆ ಹೆಸರಿಟ್ಟವರು ಯಾವ ಬ್ಯಾಚಿನ ತರಲೆಗಳೋ, ಈಗ ಹೇಳುವವರಿಲ್ಲ. ಅವಳಿಗೇನೂ ಬೇಸರವಿರಲಿಲ್ಲ. "ಸೂಜಿಯಮ್ಮ ಅಂತ ಕರೆದಿದ್ರೆ ಬೇಜಾರಾಗ್ತಿತ್ತು. ಗರಗಸಕ್ಕೆ ಒಂದು ತೂಕ ಇದೆ," ಎನ್ನುತ್ತಿದ್ದಳು.

ಅವಳು ಅಲ್ಲಿಗೆ ಬಂದದ್ದು ಕಸ ಗುಡಿಸಲು. ಆ ಕಾಲಕ್ಕೆ ಮ್ಯೂಸಿಯಮ್ಮು ಒಬ್ಬ ಹಳೇ ಪ್ರೊಫೆಸರ ಕೂಸಾಗಿತ್ತು. ಗುಜರಿ ಅಂಗಡಿ, ಮುಚ್ಚಿಹೋದ ಆಸ್ಪತ್ರೆ, ಸತ್ತುಹೋದ ವೈದ್ಯರ ಅಟ್ಟ, ಎಲ್ಲೆಲ್ಲಿಂದಲೋ ಹೆಕ್ಕಿ ತಂದು ಅವರು ಕಪಾಟು ತುಂಬಿಸಿದ್ದರು. ಒಂದೊಂದು ಸಾಮಾನಿಗೂ ಒಂದೊಂದು ಕಥೆ. ಕೇಳಲು ಮಾತ್ರ ಯಾರಿಗೂ ಪುರುಸೊತ್ತಿಲ್ಲ. ಹಾಗಾಗಿ ಗುಡಿಸುವವಳಿಗೇ ಹೇಳುತ್ತಿದ್ದರು. ಅವಳು ಪೊರಕೆ ಊರಿಕೊಂಡು ನಿಂತು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದಳು. ಅವರು ನಿವೃತ್ತರಾಗುವ ದಿನ ಬೀಗದ ಕೈ ಅವಳ ಅಂಗೈಗೆ ಬಂತು. ಪ್ರಿನ್ಸಿಪಾಲರು "ಬೇರೆಯವರು ಬರೋವರೆಗೆ ಸದ್ಯಕ್ಕೆ ಈಕೆಯೇ ನೋಡಿಕೊಳ್ಳಲಿ" ಎಂದರು. ಆ 'ಸದ್ಯ' ಅವಳ ತಲೆ ಬೆಳ್ಳಗಾಗುವ ತನಕ ನಡೆಯಿತು.

ಉದ್ದನೆಯ ಕೋಣೆ. ಒಂದು ಕಡೆ ಎತ್ತರದ ಕಿಟಕಿಗಳು, ಇನ್ನೊಂದು ಕಡೆ ಗಾಜಿನ ಬಾಗಿಲಿನ ಐದು ಕಪಾಟುಗಳು. ನಡುವೆ ಚರ್ಮದ ಪಟ್ಟಿಗಳು ಜೋತುಬಿದ್ದ ಮರದ ಆಪರೇಶನ್ ಮೇಜು. ಗಾಜಿಗೆ ಯಾರೂ ಕೈ ಹಚ್ಚಬಾರದು, ಅವಳೂ ಹಚ್ಚುತ್ತಿರಲಿಲ್ಲ. ಕೈಯಲ್ಲೊಂದು ಬೆತ್ತ ಹಿಡಿದು ದೂರದಿಂದಲೇ ತೋರಿಸುತ್ತ ಶುರುಮಾಡುತ್ತಿದ್ದಳು.

ಮೊದಲ ಕಪಾಟು ಮಧ್ಯಯುಗ. ರಕ್ತ ಹಿಡಿಯುವ ಹಿತ್ತಾಳೆ ಬಟ್ಟಲು, ಜಿಗಣೆ ಸಾಕುವ ಜಾಡಿ, ಗಾಯಕ್ಕೆ ಬರೆ ಹಾಕುವ ಕಬ್ಬಿಣ, ಉಚ್ಚೆ ತುಂಬಿ ಬೆಳಕಿಗೆ ಹಿಡಿದು ನೋಡುವ ಗಾಜಿನ ಬುರುಡೆ.

"ಜ್ವರ ಬಂತಾ? ರಕ್ತ ತೆಗೀರಿ. ತಲೆನೋವಾ? ರಕ್ತ ತೆಗೀರಿ. ರಕ್ತ ಹೋಗಿ ಹೋಗಿ ಸುಸ್ತಾಯ್ತಾ? ಇನ್ನೊಂದು ಬಟ್ಟಲು ತಗೊಂಡ್ಬನ್ನಿ! ನಗಬೇಡಿ, ಅವತ್ತಿಗೆ ಅದೇ ದೊಡ್ಡ ವಿದ್ಯೆ. ಓದಿದ ವೈದ್ಯರು ಗಾಯ ಮುಟ್ತಿರಲಿಲ್ಲ. ಕೊಯ್ಯೋದೆಲ್ಲ ಕ್ಷೌರದವನ ಪಾಲು. ಬೆಳಗ್ಗೆ ಗಡ್ಡ, ಮಧ್ಯಾಹ್ನ ಹಲ್ಲು, ಸಂಜೆ ಕಾಲು."

ಎರಡನೆಯದು ಗರಗಸಗಳ ಕಪಾಟು. ಇಲ್ಲಿಗೆ ಬಂದಾಗ ಅವಳ ಕಳೆಯೇ ಬೇರೆ. ತಂಡದಲ್ಲಿ ದಷ್ಟಪುಷ್ಟವಾಗಿರುವ ಒಬ್ಬನನ್ನು ಆರಿಸಿ ಮೇಜಿನ ಮೇಲೆ ಮಲಗಿಸುವಳು. "ನಾಲ್ಕು ಜನ ಬನ್ನಿ. ಇಬ್ಬರು ಭುಜ, ಇಬ್ಬರು ಕಾಲು. ಗಟ್ಟಿಯಾಗಿ ಹಿಡ್ಕೊಳ್ಳಿ, ಅರಿವಳಿಕೆ ಇನ್ನೂ ಹುಟ್ಟಿಲ್ಲ!" ಆಮೇಲೆ ಹಲ್ಲಿನ ಸಂದಿಯಿಂದ ಗರಗಸದ ಸದ್ದು ಹೊರಡಿಸುತ್ತ, ಬೆತ್ತವನ್ನು ಅವನ ಮೊಣಕಾಲಿನ ಮೇಲೆ ಹಿಂದೆ ಮುಂದೆ ಎಳೆಯುವಳು. ಯಾರಾದರೂ ಒಬ್ಬರು ದೊಪ್ಪನೆ ಬೀಳುವುದು ಆಗಲೇ. ಬಿದ್ದವರಿಗೆ ನೀರು ಚಿಮುಕಿಸಿ, ತನ್ನ ಸಕ್ಕರೆ ಡಬ್ಬಿಯಿಂದ ಒಂದು ಚಮಚ ಬಾಯಿಗೆ ಹಾಕಿ, ಮೂರನೇ ಕಪಾಟಿಗೆ ಕರೆದೊಯ್ಯುವಳು. ಅಲ್ಲಿ ಈಥರ್ ಮೂಸಿಸುವ ಜಾಲರಿ ಮುಖವಾಡ, ಎದೆಬಡಿತ ಕೇಳುವ ಮರದ ಕೊಳವೆ, ಗಾಳಿಯಲ್ಲಿನ ಕ್ರಿಮಿ ಕೊಲ್ಲಲೆಂದು ಔಷಧದ ಹಬೆ ಬಿಡುವ ಯಂತ್ರ. ನಾಲ್ಕರಲ್ಲಿ ಹಳೇ ವಾರ್ಡಿನ ಎನಿಮಾ ಡಬ್ಬಿ, ರಬ್ಬರ್ ಕೊಳವೆ, ಬೆಡ್‌ಪ್ಯಾನು. ಐದನೆಯದು ಖಾಲಿ. "ಇವತ್ತಿನದು ಇಲ್ಲಿಗೆ ಬರಬೇಕು" ಎಂದು ಪ್ರೊಫೆಸರು ಬಿಟ್ಟುಹೋಗಿದ್ದರು. ಇವತ್ತಿನದನ್ನು ಆಸ್ಪತ್ರೆಯವರು ಬಳಸುತ್ತಾರೆ, ಇಲ್ಲವೇ ಬಿಸಾಕುತ್ತಾರೆ, ಯಾರು ತಂದುಕೊಡುತ್ತಾರೆ? ಹೀಗಾಗಿ ಆ ಕಪಾಟಿನಲ್ಲಿ ಅವಳ ಪೊರಕೆ, ಫಿನಾಯಿಲು ಮತ್ತು ಟೀ ಲೋಟ ಸಂಸಾರ ಹೂಡಿದ್ದವು.

ಎಲ್ಲ ಕಥೆಯ ಕೊನೆಗೂ ಅವಳದು ಒಂದೇ ಮಾತು. "ಕೊಯ್ದವರ ಹೆಸರು ದಪ್ಪ ದಪ್ಪ ಪುಸ್ತಕದಲ್ಲಿದೆ. ಕೊಯ್ಸಿಕೊಂಡವರು ಏನಾದ್ರು ಅಂತ ಯಾರೂ ಬರೆದಿಲ್ಲ ನೋಡಿ." ಇದು ಪ್ರೊಫೆಸರ ಕೊರಗಾಗಿತ್ತು, ಬರಬರುತ್ತ ಅವಳದೇ ಆಯಿತು. ವಾರ್ಡುಗಳ ಮುಂದೆ ಹಾದುಹೋಗುವಾಗಲೂ ಅವಳು ಇಣುಕಿ ನೋಡುತ್ತಿದ್ದದ್ದು ವೈದ್ಯರನ್ನಲ್ಲ, ಹಾಸಿಗೆಯ ಮೇಲಿದ್ದವರನ್ನು.

ಇಷ್ಟೆಲ್ಲ ಧೈರ್ಯದ ಹೆಂಗಸಿಗೆ ಒಂದೇ ಒಂದು ವಸ್ತು ಕಂಡರೆ ಆಗುತ್ತಿರಲಿಲ್ಲ. ಮೊದಲ ಕಪಾಟಿನ ಕೆಳಗಿನ ಹಂತದಲ್ಲಿ, ಮಾಸಿದ ಮಖಮಲ್ಲಿನ ಮೇಲೆ ಮಲಗಿದ್ದ ಒಂದು ಸೂಜಿ. ಕಣ್ಣಿಗೆ ಪೊರೆ ಬಂದವರನ್ನು ಕೂರಿಸಿ, ತಲೆಯನ್ನು ಹಿಂದಿನಿಂದ ಒಬ್ಬ ಹಿಡಿದು, ಮುಂದಿನಿಂದ ಇನ್ನೊಬ್ಬ ಆ ಸೂಜಿಯನ್ನು ಕಣ್ಣೊಳಗೆ ತೂರಿಸಿ ಪೊರೆಯನ್ನು ಆಚೆಗೆ ತಳ್ಳುತ್ತಿದ್ದ. ಕೆಲವರಿಗೆ ಬೆಳಕು ಬರುತ್ತಿತ್ತು. ಬಹಳ ಜನರಿಗೆ ಕೀವಾಗಿ ಇದ್ದ ಕಣ್ಣೂ ಹೋಗುತ್ತಿತ್ತು. ಈ ಕಥೆಯನ್ನು ಮಾತ್ರ ಅವಳು ಬೇರೆ ಕಡೆ ನೋಡುತ್ತ ಗಡಿಬಿಡಿಯಲ್ಲಿ ಮುಗಿಸುತ್ತಿದ್ದಳು.

ಹೀಗಿರುವಾಗ ಅವಳ ಕಣ್ಣಿಗೇ ಪೊರೆ ಬಂತು.

ಮೊದಲು ಕಿಟಕಿಯ ಬೆಳಕು ಹರಡಿದಂತೆ ಕಂಡಿತು. ಗಾಜು ಕೊಳೆಯಾಗಿದೆ ಎಂದುಕೊಂಡು ತಿಕ್ಕಿದಳು, ಮತ್ತೂ ತಿಕ್ಕಿದಳು. ಆಮೇಲೆ ಬೀದಿದೀಪಗಳ ಸುತ್ತ ಉಂಗುರ ಬಂದವು. ಬಸ್ಸಿನ ನಂಬರು ಕಾಣದೆ ಕಂಡಕ್ಟರನ್ನು ಕೇಳುವಂತಾಯಿತು. ಗಂಡ ಟೈಲರು, ಮುಂದಿನ ಕೋಣೆಯಲ್ಲೇ ಅವನ ಹೊಲಿಗೆ ಮಿಷನ್ನು. ಮದುವೆಯಾದಾಗಿನಿಂದ ಅವನ ಸೂಜಿಗೆ ದಾರ ಪೋಣಿಸುವುದು ಅವಳ ಕೆಲಸ. ಈಗ ದಾರದ ತುದಿಯನ್ನು ನೆನೆಸಿ, ಹೊಸೆದು, ಸೂಜಿಯ ಎಡಕ್ಕೂ ಬಲಕ್ಕೂ ಚುಚ್ಚುತ್ತ ಕೂರುತ್ತಿದ್ದಳು. ಕೊನೆಗೆ "ಈಗಿನ ಸೂಜಿಗೆ ಕಣ್ಣೇ ಸರಿಯಾಗಿ ಇಡಲ್ಲ ಕಣ್ರೀ" ಎಂದು ಎದ್ದುಹೋಗುತ್ತಿದ್ದಳು. ಅವನು ಭೂತಗನ್ನಡಿ ತಂದಿಟ್ಟುಕೊಂಡ.

ಅವಳಿಗೆ ಏನಾಗಿದೆ ಎಂದು ಗೊತ್ತಿಲ್ಲದೆ ಇರಲಿಲ್ಲ. ಗೊತ್ತಿದ್ದದ್ದೇ ತಪ್ಪಾಯಿತು. ಕಣ್ಣಿನ ಡಾಕ್ಟರ ಹತ್ತಿರ ಹೋಗುವುದೆಂದರೆ ಸೂಜಿ, ಹೋಗದಿದ್ದರೆ ಕತ್ತಲು. ಕತ್ತಲಾದರೆ ಮ್ಯೂಸಿಯಮ್ಮಿಗೆ ಬೀಗ ಬೀಳುತ್ತದೆ, ಹಳೇ ಕುರ್ಚಿ ಮೇಜು ತುಂಬುವ ಉಗ್ರಾಣವಾಗುತ್ತದೆ. ಆ ಕೋಣೆಯಿಲ್ಲದ ಬದುಕನ್ನು ಅವಳು ಕನಸಿನಲ್ಲೂ ನೆನೆಸಿರಲಿಲ್ಲ. ಹೀಗಾಗಿ ಎರಡರ ನಡುವೆ ಮೂರನೆಯ ದಾರಿ ಹುಡುಕಿದಳು: ಬಾಯಿಪಾಠ. ಯಾವ ಕಪಾಟು ಎಲ್ಲಿ, ಯಾವ ಹಂತದಲ್ಲಿ ಯಾವ ಸಾಮಾನು, ಎಲ್ಲವೂ ನಾಲಿಗೆಯ ತುದಿಯಲ್ಲಿತ್ತು. ಕಣ್ಣು ಯಾಕೆ ಬೇಕು?

ಅಷ್ಟರಲ್ಲಿ ಕೋಣೆಗೆ ಬಣ್ಣ ಹೊಡೆಯುವವರು ಬಂದರು. ಕೆಲಸ ಮುಗಿದ ಮೇಲೆ ಗೋಡೆ ನೋಡಿ ಅವಳು ಕೆಂಡವಾದಳು. "ಇದೇನ್ರಪ್ಪ, ಪಾತ್ರೆ ತೊಳೆದ ನೀರಿನ ಬಣ್ಣ ಹೊಡೆದಿದ್ದೀರಿ?"

"ಆಕಾಶದ ನೀಲಿ ಅಮ್ಮ ಇದು," ಎಂದ ಬಣ್ಣದವನು.

"ಯಾವ ಊರಿನ ಆಕಾಶ?" ಎಂದು ಅವನ ನೀರಿಳಿಸಿ ಕಳಿಸಿದಳು. ಬಣ್ಣದವರು ಕಪಾಟುಗಳನ್ನು ನಡುವಿಗೆ ಸರಿಸಿ, ಮತ್ತೆ ಗೋಡೆಗೆ ಆನಿಸುವಾಗ ಎರಡನೆಯದನ್ನೂ ನಾಲ್ಕನೆಯದನ್ನೂ ಅದಲುಬದಲು ಮಾಡಿದ್ದು ಅವಳಿಗೆ ತಿಳಿಯಲಿಲ್ಲ.

ಆ ವರ್ಷದ ಹೊಸ ತಂಡ ಬಂತು. ಅವರನ್ನು ಕರೆತಂದವಳು ಕಣ್ಣಿನ ವಿಭಾಗಕ್ಕೆ ಹೊಸದಾಗಿ ಬಂದ ಡಾಕ್ಟರಮ್ಮ. ಮೊದಲ ಕಪಾಟು ಸುಸೂತ್ರವಾಗಿ ಮುಗಿಯಿತು. ಗರಗಸದಮ್ಮ ಎರಡನೆಯ ಜಾಗಕ್ಕೆ ಬಂದು, ಎದೆಯುಬ್ಬಿಸಿ, ಬೆತ್ತವನ್ನು ಎನಿಮಾ ಡಬ್ಬಿಯ ನೇರಕ್ಕೆ ಎತ್ತಿದಳು.

"ಇದರ ಹಲ್ಲು ನೋಡಿ! ಒಂದೊಂದು ಹಲ್ಲೂ ಮೂಳೆ ಕಂಡದ್ದು. ಇದು ಒಳಗೆ ಹೋದಾಗ ರೋಗಿ ಕಿರುಚೋದು ಪಕ್ಕದ ಬೀದಿಗೂ ಕೇಳ್ತಿತ್ತಂತೆ!"

ಇಡೀ ಕೋಣೆ ಬಿದ್ದು ಬಿದ್ದು ನಕ್ಕಿತು. ಗರಗಸದಮ್ಮನ ಗರಗಸಕ್ಕೆ ಯಾರೂ ಎಂದೂ ನಕ್ಕಿರಲಿಲ್ಲ. ಬೇಕೆಂದೇ ಮಾಡಿದ ತಮಾಷೆ ಎಂದುಕೊಂಡು ಮಕ್ಕಳು ಚಪ್ಪಾಳೆ ತಟ್ಟಿದರು. ಅವಳೂ ಹೇಗೋ ನಕ್ಕಂತೆ ಮಾಡಿದಳು. ಡಾಕ್ಟರಮ್ಮ ಮಾತ್ರ ನಗಲಿಲ್ಲ.

ಮಕ್ಕಳನ್ನು ಕಳಿಸಿ ಅವಳು ಹಿಂದೆ ಉಳಿದಳು. "ಅಮ್ಮ, ಕಿಟಕಿ ಕಡೆ ಬನ್ನಿ. ನಿಮ್ಮ ಕಣ್ಣು ನೋಡ್ತೀನಿ."

"ನನ್ನ ಕಣ್ಣಿಗೇನಾಗಿದೆ? ಚೆನ್ನಾಗೇ ಇದೆ."

"ನನ್ನ ಕೈಯಲ್ಲಿ ಏನಿದೆ ಹೇಳಿ ಹಾಗಾದ್ರೆ."

ಅವಳು ಕಣ್ಣು ಕಿರಿದು ಮಾಡಿ ನೋಡಿದಳು, ಗೊತ್ತಾಗಲಿಲ್ಲ. ಕೈಯಲ್ಲಿದ್ದದ್ದು ಅವಳದೇ ಸಕ್ಕರೆ ಡಬ್ಬಿ.

"ಪೊರೆ ಚೆನ್ನಾಗಿ ಬಲಿತಿದೆ. ತೆಗೆದುಬಿಡೋಣ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಆಗತ್ತೆ."

"ಬೇಡ ಡಾಕ್ಟ್ರೇ. ನನಗೆಲ್ಲ ಗೊತ್ತು," ಎಂದು ಗರಗಸದಮ್ಮ ಮೊದಲ ಕಪಾಟಿನ ಕಡೆ ಬೆತ್ತ ಚಾಚಿದಳು. "ಆ ಸೂಜಿ ನೋಡ್ಕೊಂಡೇ ನಾನು ಮುದುಕಿಯಾಗಿದ್ದು."

"ಅದು ಎಷ್ಟು ಹಳೇದಮ್ಮ! ನಿಮ್ಮ ಕಥೆ ನಾಲ್ಕನೇ ಕಪಾಟಿಗೆ ನಿಂತುಹೋಗತ್ತೆ. ಅಲ್ಲಿಂದ ನನ್ನವರೆಗೆ ಬಂದ ಕಾಲ ಎಲ್ಲಿಗೆ ಹೋಯ್ತು?"

ಗರಗಸದಮ್ಮ ಹೇಳಿದಳು: "ಐದನೇದರಲ್ಲಿ ಪೊರಕೆ ಇಟ್ಟಿದ್ದೀನಿ."

ಡಾಕ್ಟರಮ್ಮನಿಗೆ ನಗು ತಡೆಯಲಾಗಲಿಲ್ಲ. ಆದರೂ ಒತ್ತಾಯ ಮಾಡದೆ ಹೊರಟುಹೋದಳು.

ಮನೆಗೆ ಬಂದು ಗರಗಸದಮ್ಮ ಗಂಡನ ಮುಂದೆ ಕೂತು ಅತ್ತಳು. ಮಕ್ಕಳು ನಕ್ಕರು ಎಂದು ಅತ್ತಳು, ಡಬ್ಬಿ ಕಾಣಲಿಲ್ಲ ಎಂದು ಅತ್ತಳು. ಟೈಲರು ಮಿಷನ್ನಿನ ಗಾಲಿ ನಿಲ್ಲಿಸಿದ.

"ನಿನ್ನ ಕಥೆ ಕೇಳಿ ತಲೆ ತಿರುಗಿ ಬಿದ್ದ ಮಕ್ಕಳೆಲ್ಲ ಆಮೇಲೆ ಎದ್ದು ಹೋಗಿ ಡಾಕ್ಟರಾದ್ರು," ಎಂದ. "ಬಿದ್ದಲ್ಲೇ ಉಳಿದಿರೋಳು ನೀನೊಬ್ಬಳೇ."

"ನಿಮಗೇನು, ಚುಚ್ಚೋದು ನಿಮ್ಮ ಕಣ್ಣಿಗಲ್ಲವಲ್ಲ!"

"ಬಟ್ಟೆಗೆ ಚುಚ್ಚದೇ ಅಂಗಿ ಹೊಲಿಯೋದು ನನಗೆ ಬರಲ್ಲ ಕಣೆ," ಎಂದು ಅವನು ಮತ್ತೆ ಭೂತಗನ್ನಡಿ ಎತ್ತಿಕೊಂಡು ದಾರ ಪೋಣಿಸತೊಡಗಿದ. ಅವನ ಕೈ ಅಂದಾಜಿನ ಮೇಲೆ ತಡಕಾಡುವುದು ಅವಳಿಗೆ ಮಸುಕು ಮಸುಕಾಗಿ ಕಾಣುತ್ತಿತ್ತು. ಅದು ತಾನು ಮಾಡಬೇಕಾದ ಕೆಲಸ ಎಂಬುದೇ ಅವಳನ್ನು ಎಲ್ಲಕ್ಕಿಂತ ಹೆಚ್ಚು ನೋಯಿಸಿತು.

ಮರುದಿನ ಬೆಳಗ್ಗೆ ಮ್ಯೂಸಿಯಮ್ಮಿನ ಬೀಗ ತೆಗೆಯದೆ ಅವಳು ನೇರವಾಗಿ ಕಣ್ಣಿನ ವಿಭಾಗಕ್ಕೆ ನಡೆದಳು. ಡಾಕ್ಟರಮ್ಮನ ಮುಂದೆ ನಿಂತು ಒಂದೇ ಪ್ರಶ್ನೆ ಕೇಳಿದಳು.

"ನನ್ನನ್ನ ಎಷ್ಟು ಜನ ಹಿಡ್ಕೋಬೇಕು?"

ಡಾಕ್ಟರಮ್ಮನಿಗೆ ಅರ್ಥವಾಯಿತು. ಅವಳು ಎದ್ದು ಬಂದು ಗರಗಸದಮ್ಮನ ಎರಡೂ ಕೈ ಹಿಡಿದಳು. "ಯಾರೂ ಬೇಡ. ಒಬ್ಬ ನರ್ಸು ಕೈ ಹಿಡ್ಕೊಂಡಿರ್ತಾಳೆ. ಅದೂ ನಿಮಗೆ ಬೇಕು ಅಂದ್ರೆ ಮಾತ್ರ."

"ಬೇಕು," ಎಂದಳು ಗರಗಸದಮ್ಮ.

ಆಪರೇಶನ್ನಿನ ದಿನ ಟೈಲರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬಾಗಿಲ ಹೊರಗೆ ಬೆಂಚಿನ ಮೇಲೆ ಕೂತ. ಒಳಗೆ ಅವಳು ಮೇಜನ್ನು ಕೈಯಿಂದ ತಡವಿ ನೋಡಿದಳು. ಪಟ್ಟಿಗಳಿರಲಿಲ್ಲ. ಮೆತ್ತಗಿತ್ತು. ಕಣ್ಣಿಗೆ ಹನಿ ಬಿದ್ದಿತು, ಮತ್ತೊಂದು ಬಿದ್ದಿತು, ಆಮೇಲೆ ಕಣ್ಣು ತನ್ನದಲ್ಲವೇನೋ ಎನ್ನುವಷ್ಟು ಮರಗಟ್ಟಿತು.

"ಡಾಕ್ಟ್ರೇ, ಈ ಅರಿವಳಿಕೆ ಬರೋಕೆ ಮುಂಚೆ..." ಎಂದು ಅವಳು ಶುರುಮಾಡಿದಳು.

"ಅಮ್ಮ, ಮಾತಾಡಬೇಡಿ. ತಲೆ ಅಲ್ಲಾಡತ್ತೆ."

ಇದು ಮಾತ್ರ ಸೂಜಿಗಿಂತ ಕಷ್ಟವಾಯಿತು. ನರ್ಸಿನ ಕೈಯನ್ನು ಹಿಂಡುತ್ತ, ತುಟಿ ಬಿಗಿದು, ಅವಳು ಬೆಳಕನ್ನೇ ನೋಡಿದಳು. ಬೆಳಕು ಅಲುಗಿತು, ಒಡೆಯಿತು, ಕೆಂಪಾಯಿತು, ಹಸಿರಾಯಿತು. ಎಲ್ಲೋ ಒಂದು ಯಂತ್ರ ಸಣ್ಣಗೆ ಗುಂಯ್‌ಗುಡುತ್ತಿತ್ತು. ಈಗ ಚುಚ್ಚುತ್ತಾರೆ, ಈಗ ಚುಚ್ಚುತ್ತಾರೆ ಎಂದು ಅವಳು ಜೀವ ಬಿಗಿಹಿಡಿದು ಕಾದಳು.

"ಮುಗೀತಮ್ಮ."

"ಶುರುಮಾಡ್ತೀರಾ?"

"ಮುಗೀತು ಅಂದೆ."

ಗರಗಸದಮ್ಮನಿಗೆ ನಂಬಿಕೆ ಬರಲಿಲ್ಲ. ಮೇಜಿನ ಮೇಲೆ ಮಲಗಿಸಿ ಹುಡುಗರ ಕಾಲಿಗೆ ಬೆತ್ತ ಎಳೆಯುವಷ್ಟು ಹೊತ್ತೂ ಇದಕ್ಕೆ ಹಿಡಿದಿರಲಿಲ್ಲವೇನೋ ಅನ್ನಿಸಿತು. "ಹಾಗಾದ್ರೆ ಆ ಪೊರೆ ಕೊಡಿ," ಎಂದಳು. "ಬಾಟಲಿಗೆ ಹಾಕಿ ಕಪಾಟಿನಲ್ಲಿಡ್ತೀನಿ."

"ಕೊಡೋಕೆ ಏನೂ ಉಳಿದಿಲ್ಲ. ಶಬ್ದದ ಕಂಪನದಲ್ಲೇ ಪುಡಿಮಾಡಿ ಹೀರಿಬಿಟ್ಟೆ. ಅದರ ಜಾಗದಲ್ಲಿ ಒಂದು ಪುಟ್ಟ ಲೆನ್ಸು ಕೂತಿದೆ. ಮಡಚಿ ಒಳಗೆ ಬಿಟ್ಟೆ, ಅಲ್ಲಿ ಹೋಗಿ ಅದೇ ಬಿಚ್ಚಿಕೊಂಡಿತು."

"ಮ್ಯೂಸಿಯಮ್ಮಿನ ಹೊಟ್ಟೆ ಮೇಲೆ ಹೊಡೆದ್ರಲ್ಲ ಡಾಕ್ಟ್ರೇ," ಎಂದಳು ಗರಗಸದಮ್ಮ. ನರ್ಸು ತನ್ನ ಕೆಂಪಾದ ಬೆರಳುಗಳನ್ನು ಉಜ್ಜಿಕೊಳ್ಳುತ್ತ ನಕ್ಕಳು.

ಮರುದಿನ ಡಾಕ್ಟರಮ್ಮ ಕಣ್ಣಿನ ಮೇಲಿದ್ದ ತೂತು ತೂತಿನ ಪ್ಲಾಸ್ಟಿಕ್ ಮುಚ್ಚಳ ಬಿಚ್ಚಿದಳು. ಗರಗಸದಮ್ಮ ರೆಪ್ಪೆ ಬಡಿದಳು. ಎದುರಿಗೆ ಒಂದು ಮುಖ. ಮುಖದಲ್ಲಿ ನಗುವ ಕಣ್ಣು. ಎಡ ಹುಬ್ಬನ್ನು ಸೀಳಿಕೊಂಡು ಹೋದ ಹಳೇ ಗಾಯದ ಬಿಳಿ ಗೆರೆ. ಅವಳು ಆ ಗೆರೆಯನ್ನೇ ದಿಟ್ಟಿಸಿದಳು.

"ಈ ಗಾಯ ನನಗೆ ಗೊತ್ತು," ಎಂದಳು. "ಇದು ನನ್ನ ಮೇಜಿನ ಮೂಲೆ ಮಾಡಿದ್ದು! ಗರಗಸದ ಹತ್ತಿರ ಬಿದ್ದು, ಎರಡು ಚಮಚ ಸಕ್ಕರೆ ತಿಂದವಳು... ನೀನೇನೇ?"

"ನಾನೇ," ಎಂದಳು ಡಾಕ್ಟರಮ್ಮ. "ಹೇಳಿದ್ರೆ ನನ್ನ ಕೈಗೆ ಕಣ್ಣು ಕೊಡ್ತಿದ್ರಾ? ಅದಕ್ಕೇ ಬಾಯಿ ಮುಚ್ಕೊಂಡಿದ್ದೆ."

ಗರಗಸದಮ್ಮ ಅವಳನ್ನು ಬಾಚಿ ತಬ್ಬಿಕೊಂಡಳು. ಕಣ್ಣಿಗೆ ನೀರು ಬರಬಾರದು ಎಂದು ಡಾಕ್ಟರಮ್ಮ ಗದರಿದಳು. ಗದರಿದವಳ ಕಣ್ಣಲ್ಲೇ ನೀರಿತ್ತು.

ಹೊರಗೆ ಬೆಂಚಿನಿಂದ ಟೈಲರು ಎದ್ದು ನಿಂತ. ಅವಳು ಅವನ ಹತ್ತಿರ ಹೋಗಿ, ಗಲ್ಲ ಹಿಡಿದು ಮುಖವನ್ನು ಆಚೆ ಈಚೆ ತಿರುಗಿಸಿದಳು.

"ರೀ, ಯಾವಾಗ ಇಷ್ಟು ಮುದುಕರಾದ್ರಿ?"

"ನೀನು ನೋಡ್ದೇ ಇದ್ದಾಗ," ಎಂದ ಅವನು.

ಮನೆಗೆ ಬಂದವಳೇ ಚಪ್ಪಲಿಯನ್ನೂ ಬಿಡದೆ ಮಿಷನ್ನಿನ ಹತ್ತಿರ ಹೋಗಿ ಸೂಜಿ ಎತ್ತಿಕೊಂಡಳು. ದಾರ ಒಂದೇ ಸಲಕ್ಕೆ ತೂರಿತು. ಅವಳು ಅದನ್ನು ಎಳೆದು ತೆಗೆದು ಇನ್ನೊಮ್ಮೆ ಪೋಣಿಸಿದಳು. ಮತ್ತೆ ತೆಗೆದಳು, ಮತ್ತೆ ಪೋಣಿಸಿದಳು. ಟೈಲರು ಪಕ್ಕದಲ್ಲಿ ನಿಂತು ನೋಡಿದ, ಆಮೇಲೆ ಆ ಭೂತಗನ್ನಡಿಯನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಎಸೆದ.

ಕೆಲವು ವಾರಗಳ ಮೇಲೆ ಎರಡನೇ ಕಣ್ಣೂ ಆಯಿತು. ಆ ಸಲ ಅವಳು ನರ್ಸಿನ ಕೈ ಕೇಳಲಿಲ್ಲ. ನರ್ಸೇ ಬಂದು ಹಿಡಿದುಕೊಂಡಳು.

ಮ್ಯೂಸಿಯಮ್ಮಿನ ಬಾಗಿಲು ತೆಗೆದ ದಿನ ಗರಗಸದಮ್ಮ ಹೊಸ್ತಿಲಲ್ಲೇ ನಿಂತುಬಿಟ್ಟಳು. ಗೋಡೆಗಳೆಲ್ಲ ನೀಲಿ! ತೊಳೆದಿಟ್ಟ ಆಕಾಶದ ಹಾಗೆ ಅಪ್ಪಟ ನೀಲಿ. ಸುಮ್ಮಸುಮ್ಮನೆ ಬೈಸಿಕೊಂಡ ಬಣ್ಣದವನಿಗೆ ಅಂದೇ ಹೇಳಿಕಳಿಸಿ, ಕರೆಸಿ, ಟೀ ಕುಡಿಸಿದಳು. ಅವನ ಕೈಯಿಂದಲೇ ಕಪಾಟುಗಳನ್ನು ಸರಿಯಾದ ಜಾಗಕ್ಕೆ ತಳ್ಳಿಸಿದಳು ಎನ್ನುವುದು ಬೇರೆ ಮಾತು. ಅವನು ಹೋದ ಮೇಲೆ ಐದನೇ ಕಪಾಟಿನ ಬಾಗಿಲು ತೆಗೆದು ಪೊರಕೆ, ಫಿನಾಯಿಲು, ಟೀ ಲೋಟ ಎಲ್ಲವನ್ನೂ ಹೊರಗೆ ಹಾಕಿದಳು. ಗಾಜು ಒರೆಸಿದಳು. ಗಂಡನಿಂದ ಹೊಲಿಸಿ ತಂದ ಮಖಮಲ್ಲಿನ ಪುಟ್ಟ ದಿಂಬನ್ನು ಒಳಗಿಟ್ಟಳು.

ಮುಂದಿನ ವರ್ಷದ ತಂಡ ಬಂತು. ಬಟ್ಟಲು, ಜಿಗಣೆ, ಬರೆ, ಎಲ್ಲ ಆಯಿತು. ಸೂಜಿಯ ಕಥೆಯನ್ನು ಈ ಸಲ ಅವಳು ಅದನ್ನೇ ನೋಡುತ್ತ ನಿಧಾನವಾಗಿ ಹೇಳಿದಳು. ನಾಲ್ಕು ಜನ ಒಬ್ಬನನ್ನು ಮೇಜಿನ ಮೇಲೆ ಹಿಡಿದರು, ಗರಗಸ ಹಾಡಿತು, ಒಬ್ಬಳು ಬಿದ್ದಳು, ಸಕ್ಕರೆ ತಿಂದಳು. ಕೊನೆಗೆ ಎಲ್ಲರೂ ಐದನೇ ಕಪಾಟಿನ ಮುಂದೆ ನಿಂತರು. ಒಳಗೆ ಕೆಂಪು ದಿಂಬಿನ ಮೇಲೆ ತೂತು ತೂತಿನ ಒಂದು ಪ್ಲಾಸ್ಟಿಕ್ ಮುಚ್ಚಳ.

"ಇದು ಇವತ್ತಿನದು," ಎಂದಳು ಗರಗಸದಮ್ಮ. "ಈ ರೋಗಿಗೆ ಎರಡು ಕಣ್ಣಲ್ಲೂ ಪೊರೆ. ಆ ಸೂಜಿಗೆ ಹೆದರಿ ಹೆದರಿ ಸತ್ತಿದ್ದಳು. ಇವಳನ್ನ ಹಿಡಿಯೋಕೆ ನಾಲ್ಕು ಜನ ಬೇಕಾಗಲಿಲ್ಲ. ಒಬ್ಬ ನರ್ಸು, ಅದೂ ಕೈ ಮಾತ್ರ. ಪೊರೆ ಪುಡಿಯಾಗಿ ಹೋಯ್ತು, ಒಳಗೊಂದು ಲೆನ್ಸು ಅರಳಿ ಕೂತಿತು. ಒಂದು ತೊಟ್ಟು ನೋವಿಲ್ಲ."

ಅಷ್ಟು ಹೇಳಿ ಅವಳು ಬೆತ್ತ ಇಳಿಸಿದಳು. ಎಲ್ಲ ಕಥೆಯ ಕೊನೆಗೂ ಬರುತ್ತಿದ್ದ ಮಾತು ಈ ಸಲ ಬರಲಿಲ್ಲ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಾಗಿಲ ಹತ್ತಿರ, ಎಲ್ಲರಿಗಿಂತ ಹಿಂದೆ ನಿಂತಿದ್ದ ಒಬ್ಬಳು ಕೈ ಎತ್ತಿದಳು.

"ಅಮ್ಮ, ಆ ರೋಗಿ ಆಮೇಲೆ ಏನಾದ್ರು?"

ಗರಗಸದಮ್ಮ ಬೆತ್ತವನ್ನು ಎತ್ತಿ, ಕೋಣೆಯ ಉದ್ದಕ್ಕೂ ಚಾಚಿ, ಆ ಹುಡುಗಿಯ ಎದೆಯ ನೇರಕ್ಕೆ ಹಿಡಿದಳು.

"ಏನಾದಳಾ? ನಿನ್ನ ಬಿಳಿ ಕೋಟಿನ ಮೂರನೇ ಗುಂಡಿಯನ್ನ ನಾಲ್ಕನೇ ಕಾಜಕ್ಕೆ ಹಾಕ್ಕೊಂಡಿದ್ದೀಯ ಅಂತ ಇಲ್ಲಿಂದಲೇ ಹೇಳ್ತಿದ್ದಾಳೆ. ಸರಿ ಮಾಡ್ಕೊಳ್ಳೇ!"

ಹುಡುಗಿ ತಲೆ ಬಗ್ಗಿಸಿ ಕೋಟು ನೋಡಿಕೊಂಡಳು. ನಿಜ, ಗುಂಡಿ ತಪ್ಪಿತ್ತು.